ಹತ್ತು ಕಿಲೋಮೀಟರ್ ವೇಗದ ಟೆಸ್ಟ್ ರೈಡ್

ಚೆಂದ ಕಂಡಿತು, ಅದಕ್ಕೇ ಹೋದೆ. ಇಂಜಿನ್ ವಿಚಾರ ಓದಿ, ಮೈಲೇಜ್ ಲೆಕ್ಕ ಹಾಕಿ ಆರಿಸಿದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ರಾಯಲ್ ಎನ್‌ಫೀಲ್ಡ್ ಹಂಟರ್ 350ಯಲ್ಲಿ ನನಗೆ ಮೊದಲು ಹಿಡಿಸಿದ್ದು ಅದರ ಆಕಾರ. ಆ ಕಂಪನಿಯ ಗಾಡಿ ಅಂದರೆ ಉದ್ದದ ಮಡ್‌ಗಾರ್ಡ್, ಹೊಳೆಯುವ ಕ್ರೋಮ್, ಬೆನ್ನು ನೆಟ್ಟಗೆ ಮಾಡಿ ಕೂರುವ ಗತ್ತು ನೆನಪಾಗುತ್ತದೆ. ಇದರಲ್ಲಿ ಅದೆಲ್ಲ ಕಡಿಮೆ. ಹಿಂಭಾಗ ಗಿಡ್ಡ, ಸೈಲೆನ್ಸರ್ ಗಿಡ್ಡ, ಟ್ಯಾಂಕಿನ ಎರಡೂ ಪಕ್ಕ ಮಂಡಿ ಕೂರಲು ತಗ್ಗು. ದುಂಡನೆಯ ಹೆಡ್‌ಲೈಟ್ ಮಾತ್ರ ಹಳೇ ಕಾಲದ್ದು.

ಹೊಸಬರು ರೂಪ ನೋಡಿ ಗಾಡಿ ಆರಿಸಬಾರದು ಅನ್ನುವವರು ತುಂಬ ಜನ. ನಾನು ಒಪ್ಪುವುದಿಲ್ಲ. ನೋಡಿದರೆ ಖುಷಿಯಾಗುವ ಗಾಡಿಯನ್ನು ಜನ ಜಾಸ್ತಿ ಓಡಿಸುತ್ತಾರೆ. ಜಾಸ್ತಿ ಓಡಿಸಿದವರು ಬೇಗ ಕಲಿಯುತ್ತಾರೆ. ಆದರೆ ಆ ಗಾಡಿ ನಮ್ಮ ಕೈಗೆ, ಕಾಲಿಗೆ, ಧೈರ್ಯಕ್ಕೆ ಹೊಂದುತ್ತದಾ ಅನ್ನುವುದನ್ನು ರೂಪ ಹೇಳುವುದಿಲ್ಲ. ಅದಕ್ಕೇ ಟೆಸ್ಟ್ ರೈಡ್ ಇರುವುದು. ಕಷ್ಟ ಏನೆಂದರೆ, ಹೆಚ್ಚಿನವರು ಟೆಸ್ಟ್ ರೈಡ್ ಅಂದರೆ ಖಾಲಿ ರಸ್ತೆಯಲ್ಲಿ ಒಮ್ಮೆ ಜೋರಾಗಿ ಎಳೆದು, ನಗುತ್ತಾ ವಾಪಸ್ ಬರುವುದು ಅಂದುಕೊಂಡಿದ್ದಾರೆ.

ನನ್ನ ವಿಷಯ ಹೇಳುತ್ತೇನೆ. ವರ್ಷಗಟ್ಟಲೆ ಗೇರ್ ಇಲ್ಲದ ಸ್ಕೂಟರ್ ಓಡಿಸಿದ್ದೇನೆ. ಗೇರ್ ಗಾಡಿ ಕಲಿತದ್ದು ಈಚೆಗೆ, ಗೆಳತಿಯ 125 ಸಿಸಿ ಬೈಕಿನಲ್ಲಿ. ಎತ್ತರ 5 ಅಡಿ 4 ಇಂಚು. ತೋಳಿನಲ್ಲಿ ದೊಡ್ಡ ಬಲವೇನೂ ಇಲ್ಲ. ಇಂಥವರಿಗೆ ಗಾಡಿ 100ರಲ್ಲಿ ಹೇಗೆ ಹೋಗುತ್ತದೆ ಅನ್ನುವುದಕ್ಕಿಂತ 10ರಲ್ಲಿ ಹೇಗೆ ಹೋಗುತ್ತದೆ ಅನ್ನುವುದೇ ಮುಖ್ಯ. ಹೊಸಬರು ಗಾಡಿ ಕೆಡವುವುದು ಸಾಮಾನ್ಯವಾಗಿ ನಿಧಾನದಲ್ಲೇ. ಯು ಟರ್ನ್‌ನಲ್ಲಿ, ಪಾರ್ಕಿಂಗ್‌ನಲ್ಲಿ, ಇಳಿಜಾರಿನಲ್ಲಿ ನಿಲ್ಲಿಸಿ ಕಾಲು ಊರುವಾಗ. ಹಾಗಾಗಿ ನನ್ನ ಪಟ್ಟಿ ಸಿದ್ಧವಾಗಿತ್ತು: ತಳ್ಳಿ ನೋಡಬೇಕು, ತೆವಳಿಸಿ ನೋಡಬೇಕು, ತಿರುಗಿಸಿ ನೋಡಬೇಕು, ನಿಲ್ಲಿಸಿ ನೋಡಬೇಕು. ಓಡಿಸುವುದು ಕೊನೆಗೆ.

ಶೋರೂಮ್‌ನಲ್ಲಿ ಲೈಸೆನ್ಸ್ ತೋರಿಸಿದೆ, ಒಂದು ಫಾರ್ಮ್ ಕೊಟ್ಟರು. ಸಹಿ ಹಾಕುವ ಮೊದಲು ಅದನ್ನು ಪೂರ್ತಿ ಓದಿ. ಗಾಡಿ ಬಿದ್ದರೆ ಖರ್ಚು ಯಾರದ್ದು ಅನ್ನುವುದು ಸಣ್ಣ ಅಕ್ಷರದಲ್ಲಿರುತ್ತದೆ. ವಿಮೆ ಇದೆಯಾ ಅಂತ ಬಾಯಿಬಿಟ್ಟು ಕೇಳಿದೆ, ಇದೆ ಅಂದರು. ಹೆಲ್ಮೆಟ್, ಗ್ಲೌಸ್, ಪಾದದ ಗಂಟು ಮುಚ್ಚುವ ಶೂ ನನ್ನದೇ ಇತ್ತು. ಬೇರೆಯವರ ಹೆಲ್ಮೆಟ್ ಹಾಕಿಕೊಂಡರೆ ಅದು ಅಲ್ಲಾಡುವುದರ ಕಡೆಗೇ ಗಮನ ಹೋಗುತ್ತದೆ, ಗಾಡಿಯ ಕಡೆಗಲ್ಲ. ಮುಂದೆ ಓಡಿಸುವಾಗ ಯಾವ ಶೂ ಹಾಕುತ್ತೀರೋ ಅದನ್ನೇ ಹಾಕಿಕೊಂಡು ಹೋಗಿ. ಅಡಿ ದಪ್ಪ ಇರುವ ಶೂ ಹಾಕಿದರೆ ಸೀಟಿನ ಎತ್ತರದ ಲೆಕ್ಕವೇ ತಪ್ಪುತ್ತದೆ.

ಕೀ ಕೊಟ್ಟ ಹುಡುಗ ಒಳ್ಳೆಯವನು. ಟಾಪ್ ಸ್ಪೀಡ್, ಪಿಕಪ್, ಬಣ್ಣಗಳು ಎಲ್ಲ ಬಾಯಿಪಾಠ. ‘ಸ್ಟಾರ್ಟ್ ಮಾಡ್ಲಾ?’ ಅಂದ. ಬೇಡ, ಮೊದಲು ತಳ್ಳುತ್ತೇನೆ ಅಂದೆ. ಅವನಿಗೆ ಸ್ವಲ್ಪ ವಿಚಿತ್ರ ಅನ್ನಿಸಿತು.

ಹಂಟರ್‌ನ ತೂಕ 181 ಕೆಜಿ. ಸಾಮಾನ್ಯ 110 ಸಿಸಿ ಸ್ಕೂಟರ್ 105ರಿಂದ 110 ಕೆಜಿ ಇರುತ್ತದೆ. ಅಂದರೆ ನನ್ನ ಅಭ್ಯಾಸಕ್ಕಿಂತ 70 ಕೆಜಿ ಜಾಸ್ತಿ, ಹೆಚ್ಚುಕಡಿಮೆ ಇನ್ನೊಬ್ಬ ಮನುಷ್ಯನ ತೂಕ. ಅದೇ ಕಂಪನಿಯ, ಅದೇ ಇಂಜಿನ್ ಇರುವ ಕ್ಲಾಸಿಕ್ 350, 195 ಕೆಜಿ ತೂಗುತ್ತದೆ. ಅದಕ್ಕೆ ಹೋಲಿಸಿ ಹಂಟರ್ ಹಗುರ ಅನ್ನುತ್ತಾರೆ. ತಳ್ಳುವವರಿಗೆ ಆ ಹೋಲಿಕೆಯಿಂದ ಏನೂ ಲಾಭವಿಲ್ಲ. ಸೈಡ್ ಸ್ಟ್ಯಾಂಡ್‌ನಿಂದ ಎತ್ತಿ ನೆಟ್ಟಗೆ ಮಾಡುವಾಗಲೇ ಗೊತ್ತಾಯಿತು, ಇದು ಕೈಯಿಂದ ಎತ್ತುವ ಗಾಡಿ ಅಲ್ಲ. ಹ್ಯಾಂಡಲ್ ಹಿಡಿದು, ಸೊಂಟವನ್ನು ಟ್ಯಾಂಕಿಗೆ ತಾಗಿಸಿ, ಮೈಯ ಭಾರ ಕೊಟ್ಟರೆ ಸಲೀಸಾಗಿ ಬಂತು. ಎಡಗಡೆ ನಿಂತು, ಗಾಡಿಯನ್ನು ಒಂಚೂರು ನನ್ನ ಕಡೆಗೇ ಒರಗಿಸಿಕೊಂಡು ಹಿಂದಕ್ಕೆ ತಳ್ಳಿದೆ. ಸಮತಟ್ಟು ನೆಲದಲ್ಲಿ ಪರವಾಗಿಲ್ಲ. ಶೋರೂಮ್ ಬಾಗಿಲಿನ ಸಣ್ಣ ಇಳಿಜಾರನ್ನು ಹಿಮ್ಮುಖವಾಗಿ ಹತ್ತಿಸಲು ಆಗಲಿಲ್ಲ. ಇದು ನನಗೆ ಬೇಕಾಗಿದ್ದ ಮೊದಲ ಉತ್ತರ. ಈ ಗಾಡಿ ತಗೊಂಡರೆ ಮೂತಿ ಇಳಿಜಾರಿನ ಕಡೆಗೆ ಮಾಡಿ ನಿಲ್ಲಿಸುವ ಹಾಗಿಲ್ಲ. ಹಿಂಚಕ್ರ ತಗ್ಗಿನ ಕಡೆ ಇರಬೇಕು.

ಆಮೇಲೆ ಕೂತೆ. ಸೀಟಿನ ಎತ್ತರ 790 ಮಿಲಿಮೀಟರ್. ಈ ಅಂಕಿಯನ್ನೇ ನಂಬಿಕೊಂಡು ಕೂರಬೇಡಿ. ಸೀಟ್ ಎಷ್ಟು ಅಗಲ ಅನ್ನುವುದೂ ಅಷ್ಟೇ ಮುಖ್ಯ. ಅಗಲವಾದ ಸೀಟಿನ ಮೇಲೆ ತೊಡೆ ಹರಡಿಕೊಂಡು ಕಾಲು ಗಿಡ್ಡವಾಗುತ್ತದೆ. ಹಂಟರ್‌ನಲ್ಲಿ ಟ್ಯಾಂಕಿನ ಹತ್ತಿರ ಸೀಟ್ ಸಪೂರ. ಮುಂದಕ್ಕೆ ಸರಿದು ಕೂತರೆ ನನ್ನ ಎರಡೂ ಪಾದದ ಮುಂಭಾಗ ಗಟ್ಟಿಯಾಗಿ ನೆಲಕ್ಕೆ ಊರಿತು, ಹಿಮ್ಮಡಿ ಮಾತ್ರ ಸ್ವಲ್ಪ ಮೇಲೆ. ಒಂದೇ ಕಾಲು ಊರಿದರೆ ಪೂರ್ತಿ ಪಾದ ಊರುತ್ತದೆ. ಅಷ್ಟು ಸಾಕು. ಎರಡೂ ಹಿಮ್ಮಡಿ ನೆಲಕ್ಕೆ ತಾಗಲೇಬೇಕು ಅಂತ ಹಠ ಮಾಡುವವರಿಗೆ ಅದೇ ಕಂಪನಿಯ ಮೀಟಿಯಾರ್ 350 ಇದೆ. ಅದರ ಸೀಟ್ 765 ಮಿಲಿಮೀಟರ್, ಆದರೆ ಗಾಡಿ ಉದ್ದ, ತೂಕ 191 ಕೆಜಿ. ಒಂದು ಕಡೆ ಗಳಿಸಿದರೆ ಇನ್ನೊಂದು ಕಡೆ ಬಿಡಬೇಕು.

ಸ್ಟಾರ್ಟ್ ಮಾಡುವ ಮೊದಲು ಇನ್ನೊಂದು ಕೆಲಸ ಮಾಡಿದೆ. ಸ್ಕೂಟರ್‌ನಿಂದ ಬರುವ ಎಲ್ಲರೂ ಇದನ್ನು ಮಾಡಲೇಬೇಕು. ಸ್ಕೂಟರ್‌ನಲ್ಲಿ ಎಡಗೈ ಲಿವರ್ ಅಂದರೆ ಹಿಂದಿನ ಬ್ರೇಕ್. ಬೈಕಿನಲ್ಲಿ ಅದೇ ಜಾಗದಲ್ಲಿ ಕ್ಲಚ್ ಇದೆ. ಗಾಬರಿಯಾದಾಗ ಕೈ ಹಳೇ ಅಭ್ಯಾಸದಂತೆ ಎಡಗಡೆ ಮಾತ್ರ ಹಿಚುಕಿದರೆ ಗಾಡಿ ನಿಲ್ಲುವುದಿಲ್ಲ. ಇಂಜಿನ್ನಿನ ಹಿಡಿತ ತಪ್ಪಿ ಇನ್ನೂ ಸಲೀಸಾಗಿ ಉರುಳುತ್ತದೆ. ಹಾಗಾಗಿ ನಿಂತಲ್ಲೇ ಕೂತು ‘ನಿಲ್ಲು’ ಅಂತ ಮನಸ್ಸಿನಲ್ಲೇ ಹೇಳಿಕೊಂಡು ಬಲಗೈ, ಬಲಗಾಲು, ಎಡಗೈ ಮೂರನ್ನೂ ಒಟ್ಟಿಗೆ ಒತ್ತುವುದನ್ನು ಮತ್ತೆ ಮತ್ತೆ ಮಾಡಿದೆ. ನೋಡಿದವರಿಗೆ ನಗು ಬಂದಿರಬಹುದು. ಬರಲಿ.

ಕ್ಲಚ್ ಹಗುರವಾಗಿತ್ತು. ನಾನು ಓಡಿಸಿದ್ದು 2025ರಲ್ಲಿ ಸುಧಾರಿಸಿದ ಮಾದರಿ. ಅದಕ್ಕೆ ಸ್ಲಿಪ್ ಅಂಡ್ ಅಸಿಸ್ಟ್ ಕ್ಲಚ್ ಹಾಕಿದ್ದಾರೆ. ಇದರ ಒಳಗೆ ಇಳಿಜಾರಾಗಿ ಕೊರೆದ ಹಲ್ಲುಗಳಿರುತ್ತವೆ. ಇಂಜಿನ್ ಗಾಡಿಯನ್ನು ಎಳೆಯುವಾಗ ಆ ಹಲ್ಲುಗಳೇ ಇಂಜಿನ್ನಿನ ಬಲ ದಾಟಿಸುವ ಪ್ಲೇಟ್‌ಗಳನ್ನು ಒತ್ತಿ ಹಿಡಿಯುತ್ತವೆ. ಹಾಗಾಗಿ ಸ್ಪ್ರಿಂಗ್ ಅಷ್ಟು ಗಟ್ಟಿ ಇರಬೇಕಿಲ್ಲ, ಲಿವರ್ ಮೆತ್ತಗಾಗುತ್ತದೆ. ಗೇರ್ ಇಳಿಸುವಾಗ ಇದು ಉಲ್ಟಾ ಕೆಲಸ ಮಾಡುತ್ತದೆ. ಹಿಂಚಕ್ರ ಇಂಜಿನ್ನನ್ನು ತಳ್ಳತೊಡಗಿದಾಗ ಪ್ಲೇಟ್‌ಗಳು ಸ್ವಲ್ಪ ಜಾರಿ ಆ ಹೊಡೆತ ಕಡಿಮೆಯಾಗುತ್ತದೆ. ಹೊಸಬರು ಗೇರ್ ಇಳಿಸಿ ಕ್ಲಚ್ಚನ್ನು ಪಟ್ಟಂತ ಬಿಡುವುದು ಇದ್ದದ್ದೇ. ಅಂಥವರಿಗೆ ಇದು ದೊಡ್ಡ ಉಪಕಾರ. ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ಕ್ಲಚ್ ಹಿಡಿದು ಬಿಟ್ಟು ಮಾಡಿದವರ ಎಡಗೈ ಬೆರಳುಗಳನ್ನು ಕೇಳಿ, ಹಗುರ ಲಿವರ್ ಅಂದರೆ ಏನು ಅಂತ ಅವು ಹೇಳುತ್ತವೆ.

ಶೋರೂಮ್ ಹಿಂದೆ ಖಾಲಿ ಜಾಗ ಇತ್ತು. ಮೊದಲು ಅಲ್ಲೇ ಓಡಿಸುತ್ತೇನೆ ಅಂತ ಕೇಳಿಕೊಂಡೆ. ಮೊದಲ ಗೇರ್ ಹಾಕಿ, ಆಕ್ಸಿಲರೇಟರ್ ಮುಟ್ಟದೆ, ಕ್ಲಚ್ಚನ್ನು ನಿಧಾನಕ್ಕೆ ಬಿಡತೊಡಗಿದೆ. ಲಿವರ್ ಅರ್ಧ ದಾರಿ ಬಂದಾಗ ಇಂಜಿನ್ ಸದ್ದು ಒಂಚೂರು ತಗ್ಗಿತು, ಮುಂಭಾಗ ಕಂಡೂ ಕಾಣದಷ್ಟು ಅಲುಗಿತು. ಅಲ್ಲೇ ಬೆರಳು ನಿಲ್ಲಿಸಿದೆ. ಗಾಡಿ ತೆವಳಿತು. ಇನ್ನಷ್ಟು ಬಿಟ್ಟೆ. ಪೂರ್ತಿ ಬಿಟ್ಟೆ. ಆಫ್ ಆಗಲಿಲ್ಲ! ನಡೆಯುವವರ ಜೊತೆ ಹೋಗುವಷ್ಟು ವೇಗದಲ್ಲಿ ಡುಗ್ ಡುಗ್ ಅನ್ನುತ್ತಾ ತಾನಾಗಿಯೇ ಹೊರಟಿತು. ಗೆಳತಿಯ 125ರಲ್ಲಿ ಹೀಗೆ ಮಾಡಿದ್ದರೆ ಗಾಡಿ ಒಮ್ಮೆ ನಡುಗಿ ಆಫ್ ಆಗುತ್ತಿತ್ತು.

ಇದಕ್ಕೆ ಕಾರಣ ಇಂಜಿನ್ನಿನ ಒಳಗಿದೆ. ಹಂಟರ್‌ನಲ್ಲಿರುವುದು ಕಂಪನಿಯ ಜೆ ಸರಣಿಯ 349 ಸಿಸಿ ಇಂಜಿನ್. 2020ರ ನವೆಂಬರ್‌ನಲ್ಲಿ ಮೀಟಿಯಾರ್ ಜೊತೆ ಮೊದಲು ಬಂತು, ಆಮೇಲೆ ಕ್ಲಾಸಿಕ್‌ಗೆ, 2022ರ ಆಗಸ್ಟ್‌ನಲ್ಲಿ ಹಂಟರ್‌ಗೆ. ಇದರ ಸಿಲಿಂಡರ್ ಬಾಯಿ 72 ಮಿಲಿಮೀಟರ್, ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ 85.8 ಮಿಲಿಮೀಟರ್. ಅಗಲಕ್ಕಿಂತ ಉದ್ದ ಜಾಸ್ತಿ. ಇಂಥ ಇಂಜಿನ್ ತುಂಬ ವೇಗವಾಗಿ ತಿರುಗುವುದಿಲ್ಲ, ಆದರೆ ನಿಧಾನದಲ್ಲೇ ಬಲವಾಗಿ ತಳ್ಳುತ್ತದೆ. ಶಕ್ತಿ ಸುಮಾರು 20 ಹಾರ್ಸ್‌ಪವರ್, ಎಳೆತ (ಟಾರ್ಕ್) 27 ನ್ಯೂಟನ್ ಮೀಟರ್, ಅದೂ ನಿಮಿಷಕ್ಕೆ 4000 ಸುತ್ತಿನಲ್ಲೇ. ಪಕ್ಕದಲ್ಲಿ ಯಮಹಾದ ಎಂಟಿ 15 ಇಟ್ಟು ನೋಡಿ. 155 ಸಿಸಿ, ಶಕ್ತಿ ಸುಮಾರು 18 ಹಾರ್ಸ್‌ಪವರ್. ಕಾಗದದ ಮೇಲೆ ಹತ್ತಿರ ಹತ್ತಿರ. ಆದರೆ ಅದರ ಶಕ್ತಿ ಸಿಗುವುದು 10,000 ಸುತ್ತಿಗೆ, ಎಳೆತ 14.1 ನ್ಯೂಟನ್ ಮೀಟರ್, ಅದು ಸಿಗುವುದು 7500ಕ್ಕೆ. ಗಾಡಿ ಹಗುರ, 141 ಕೆಜಿ. ಚುರುಕು ಬೇಕಾದವರಿಗೆ ಅದು ಬಲು ಮಜಾ. ಆದರೆ ಕ್ಲಚ್ ಇನ್ನೂ ಕೈಗೆ ಹತ್ತದವರು ಪ್ರತಿ ಸಿಗ್ನಲ್‌ನಲ್ಲಿ ಇಂಜಿನ್ನನ್ನು ಹುರಿದುಂಬಿಸಿಕೊಂಡೇ ಹೊರಡಬೇಕು. ಸಿಸಿ ಕಡಿಮೆ ಇದ್ದರೆ ಹೊಸಬರಿಗೆ ಸುಲಭ ಅಂತ ಸುಮ್ನೆ ಹೇಳಿಬಿಡುತ್ತಾರೆ. ಎಳೆತ ಎಲ್ಲಿ ಸಿಗುತ್ತದೆ ಅನ್ನುವುದನ್ನು ಯಾರೂ ಹೇಳುವುದಿಲ್ಲ.

ಅಂದಹಾಗೆ, ಹೊಸಬರ ಗಾಡಿ ಯಾವುದು ಅನ್ನುವುದನ್ನು ಯುರೋಪಿನಲ್ಲಿ ಕಾನೂನೇ ಹೇಳುತ್ತದೆ. ಅಲ್ಲಿ ಮೊದಲ ಹಂತದ ಲೈಸೆನ್ಸ್‌ಗೆ 125 ಸಿಸಿ, 11 ಕಿಲೋವಾಟ್ ಮಿತಿ. ಮುಂದಿನ ಹಂತಕ್ಕೆ 35 ಕಿಲೋವಾಟ್. ಹಂಟರ್‌ನ 20 ಹಾರ್ಸ್‌ಪವರ್ ಅಂದರೆ ಸುಮಾರು 15 ಕಿಲೋವಾಟ್. ಎರಡನೇ ಹಂತದ ಗಾಡಿ, ಆದರೆ ಮಿತಿಯ ಅರ್ಧವನ್ನೂ ಮುಟ್ಟುವುದಿಲ್ಲ.

ತೆವಳಿಸುವುದು ಮುಗಿದ ಮೇಲೆ ತಿರುಗಿಸುವುದು. ನನಗೆ ಎಲ್ಲಕ್ಕಿಂತ ಹೆದರಿಕೆ ಇದ್ದದ್ದು ಇದಕ್ಕೇ. ನಿಧಾನದ ಯು ಟರ್ನ್‌ನಲ್ಲಿ ಮೂರು ಕೆಲಸ ಒಟ್ಟಿಗೆ ನಡೆಯಬೇಕು. ಕ್ಲಚ್ ಅರ್ಧದಲ್ಲಿರಬೇಕು, ಆಕ್ಸಿಲರೇಟರ್ ಒಂದೇ ಸಮ ಇರಬೇಕು, ಬಲಗಾಲು ಹಿಂದಿನ ಬ್ರೇಕನ್ನು ಮೆಲ್ಲಗೆ ತಾಗಿಸಿರಬೇಕು. ಇಂಜಿನ್ ಮುಂದಕ್ಕೆ ಎಳೆಯುತ್ತದೆ, ಬ್ರೇಕ್ ಹಿಂದಕ್ಕೆ ಹಿಡಿಯುತ್ತದೆ, ಆ ಎರಡರ ನಡುವೆ ಗಾಡಿ ಬಿಗಿಯಾಗಿ ನಿಲ್ಲುತ್ತದೆ. ಮುಂದಿನ ಬ್ರೇಕ್ ಮುಟ್ಟಬಾರದು. ಹ್ಯಾಂಡಲ್ ತಿರುಗಿಸಿಕೊಂಡಿರುವಾಗ ಮುಂದಿನ ಬ್ರೇಕ್ ಹಿಡಿದರೆ ಗಾಡಿ ಆ ಕಡೆಗೇ ಒರಗಿ ಬೀಳುತ್ತದೆ, 181 ಕೆಜಿಯನ್ನು ಕಾಲು ತಡೆಯುವುದಿಲ್ಲ. ಕಣ್ಣು ಮುಂಚಕ್ರದ ಮೇಲಿರಬಾರದು. ತಿರುಗಿ ಎಲ್ಲಿಗೆ ಹೋಗಬೇಕೋ ಅಲ್ಲಿರಬೇಕು, ಭುಜದ ಮೇಲಿಂದ ಹಿಂದಕ್ಕೆ ನೋಡುವಷ್ಟು.

ಬಲಕ್ಕೆ ತಿರುಗುವುದು ಎಡಕ್ಕಿಂತ ಕಷ್ಟವಾಯಿತು. ಬಲಕ್ಕೆ ತಿರುಗಿದಾಗ ಆಕ್ಸಿಲರೇಟರ್ ಹಿಡಿದ ಕೈ ಹೊಟ್ಟೆಯ ಹತ್ತಿರ ಬಂದು ಮಣಿಕಟ್ಟು ಮಡಚಿಕೊಳ್ಳುತ್ತದೆ, ಗೊತ್ತಿಲ್ಲದೆ ಜಾಸ್ತಿ ತಿರುಗಿಬಿಡುತ್ತದೆ. ಹಂಟರ್‌ನ ಹ್ಯಾಂಡಲ್ ತೀರಾ ಅಗಲವಿಲ್ಲ, ಮೈಗೆ ಹತ್ತಿರ ಇದೆ, ಹಾಗಾಗಿ ಮೊಣಕೈ ಬಗ್ಗಿಸಿಕೊಳ್ಳಲು ಜಾಗ ಸಿಕ್ಕಿತು. ಚಕ್ರಗಳು ಎರಡೂ 17 ಇಂಚು. ಕ್ಲಾಸಿಕ್‌ನಲ್ಲಿ ಮುಂದೆ 19, ಹಿಂದೆ 18. ಎರಡು ಚಕ್ರಗಳ ನಡುವಿನ ದೂರ ಇದರಲ್ಲಿ 1370 ಮಿಲಿಮೀಟರ್, ಕ್ಲಾಸಿಕ್‌ಗಿಂತ 20 ಕಡಿಮೆ. ಅಂಕಿ ನೋಡಿದರೆ ಇಷ್ಟೇನಾ ಅನ್ನಿಸುತ್ತದೆ. ಓಡಿಸಿದಾಗ ಚಿಕ್ಕ ಚಕ್ರದ ವ್ಯತ್ಯಾಸ ಕೈಗೆ ತಿಳಿಯಿತು. ಹ್ಯಾಂಡಲ್‌ಗೆ ಸಣ್ಣ ಸೂಚನೆ ಕೊಟ್ಟರೆ ಸಾಕು, ಗಾಡಿ ಆ ಕಡೆ ವಾಲುತ್ತದೆ. ಮೊದಲ ಸುತ್ತುಗಳು ಅಗಲವಾದವು. ಆಮೇಲೆ ಎರಡು ಪಾರ್ಕಿಂಗ್ ಗೆರೆಗಳ ಒಳಗೆ ಬಂದವು. ಕೊನೆಗೆ ಆ ಹುಡುಗನೇ ‘ಮೇಡಂ, ರೋಡಿಗೆ ಹೋಗಲ್ವಾ?’ ಅಂತ ಕೇಳಿದ.

ರಸ್ತೆಗೆ ಬಂದ ಮೇಲೆ ಹೇಳುವುದು ಅಷ್ಟೇನೂ ಇಲ್ಲ. ಅಂದರೆ ಎಲ್ಲ ಚೆನ್ನಾಗಿತ್ತು. ಐದು ಗೇರ್. ಎರಡನೇ ಗೇರ್‌ನಲ್ಲಿ ಊರಿನೊಳಗಿನ ಅರ್ಧ ಕೆಲಸ ಮುಗಿಯುತ್ತದೆ. ಮೀಟರ್‌ನಲ್ಲಿ ಗೇರ್ ಸಂಖ್ಯೆ ಕಾಣುತ್ತದೆ, ಹೊಸಬರಿಗೆ ಇದು ನಿಜಕ್ಕೂ ಬೇಕು. ಈಗ ಯಾವ ಗೇರ್‌ನಲ್ಲಿದ್ದೇನೆ ಅಂತ ಕಾಲಲ್ಲಿ ತಡಕಾಡುವುದು ತಪ್ಪುತ್ತದೆ. ಇಂಜಿನ್ ಎಷ್ಟು ಸುತ್ತು ತಿರುಗುತ್ತಿದೆ ಅಂತ ತೋರಿಸುವ ಮೀಟರ್ ಇಲ್ಲ. ಬೇಕಾಗಲೂ ಇಲ್ಲ, ಕಿವಿಗೇ ಗೊತ್ತಾಗುತ್ತದೆ. ಐವತ್ತು ಅರವತ್ತರಲ್ಲಿ ನಾಲ್ಕನೇ ಗೇರ್‌ನಲ್ಲಿ ನೆಮ್ಮದಿಯಾಗಿ ಹೋಗುತ್ತದೆ. ಒಳಗೆ ನಡುಕ ತಗ್ಗಿಸುವ ಬ್ಯಾಲೆನ್ಸರ್ ಶಾಫ್ಟ್ ಇರುವುದರಿಂದ ಹಳೇ ಬುಲೆಟ್‌ಗಳ ನಡುಕ ಇದರಲ್ಲಿ ಇಲ್ಲ. ಆ ನಡುಕವೇ ಬೇಕು ಅನ್ನುವವರು ಇದ್ದಾರೆ, ಅವರ ಇಷ್ಟ. ಎಂಬತ್ತರವರೆಗೆ ಹೋದೆ, ಸಾಕು ಅನ್ನಿಸಿತು. ಎದುರು ಗಾಳಿ ತಡೆಯಲು ಏನೂ ಇಲ್ಲ, ಎದೆಗೆ ನೇರ ಹೊಡೆಯುತ್ತದೆ. ದಿನಾ ಹೆದ್ದಾರಿಯಲ್ಲಿ ನೂರರಲ್ಲಿ ಹೋಗುವವರು ಬೇರೆ ಗಾಡಿ ನೋಡಲಿ.

ತಿರುವಿನಲ್ಲಿ ಒಂದು ಸಂಗತಿ ಗಮನಿಸಿದೆ. ಇದು ಎಲ್ಲ ದ್ವಿಚಕ್ರ ವಾಹನಗಳಲ್ಲೂ ಇದೆ, ಸ್ಕೂಟರ್‌ನಲ್ಲಿ ನನ್ನ ಗಮನಕ್ಕೆ ಬಂದಿರಲಿಲ್ಲ ಅಷ್ಟೇ. ಸ್ವಲ್ಪ ವೇಗ ಬಂದ ಮೇಲೆ ಎಡಕ್ಕೆ ಹೋಗಬೇಕಾದರೆ ಎಡಗಡೆಯ ಹ್ಯಾಂಡಲ್ಲನ್ನು ಮುಂದಕ್ಕೆ ಒತ್ತಬೇಕು. ಕೇಳಿದರೆ ಉಲ್ಟಾ ಅನ್ನಿಸುತ್ತದೆ. ಹಾಗೆ ಒತ್ತಿದಾಗ ಚಕ್ರ ಒಂದು ಕ್ಷಣ ಬಲಕ್ಕೆ ಸರಿಯುತ್ತದೆ, ಗಾಡಿ ಎಡಕ್ಕೆ ವಾಲುತ್ತದೆ, ವಾಲಿದ ಕಡೆಗೆ ತಿರುಗುತ್ತದೆ. ನಡಿಗೆಯ ವೇಗದಲ್ಲಿ ಹೀಗಲ್ಲ, ಅಲ್ಲಿ ಯಾವ ಕಡೆ ಬೇಕೋ ಆ ಕಡೆಗೇ ಹ್ಯಾಂಡಲ್ ತಿರುಗಿಸಬೇಕು. ನಲವತ್ತರಲ್ಲಿ ಹೋಗುವಾಗ ಅಂಗೈಯಿಂದ ಸುಮ್ನೆ ಮೆಲ್ಲಗೆ ಒತ್ತಿ ನೋಡಿದೆ. ತಕ್ಷಣ ಕೇಳಿತು, ಒತ್ತುವುದು ಬಿಟ್ಟ ಕೂಡಲೇ ನೆಟ್ಟಗಾಯಿತು. ಒಂದು ತಗ್ಗು ತಪ್ಪಿಸಬೇಕಾದಾಗ ಕೈಗೆ ಬೇಕಾದದ್ದು ಇದೇ.

ಸ್ಪೀಡ್ ಬ್ರೇಕರ್‌ಗಳ ಮೇಲೆ ಬೇಕಂತಲೇ ಹೋದೆ. 2022ರ ಹಂಟರ್‌ನ ಹಿಂದಿನ ಸಸ್ಪೆನ್ಷನ್ ಗಟ್ಟಿ ಅಂತ ತುಂಬ ಜನ ಹೇಳುತ್ತಿದ್ದರು. 2025ರಲ್ಲಿ ಹಿಂದಿನ ಸ್ಪ್ರಿಂಗ್ ಬದಲಾಯಿಸಿದ್ದಾರೆ. ಈಗಿನದ್ದು ಮೊದಲು ಸ್ವಲ್ಪ ಮೆತ್ತಗೆ ಕುಸಿದು, ಆಮೇಲೆ ಬಿಗಿಯಾಗುವ ಬಗೆ. ನೆಲದಿಂದ ಇರುವ ಎತ್ತರವನ್ನೂ 10 ಮಿಲಿಮೀಟರ್ ಹೆಚ್ಚಿಸಿ 160 ಮಾಡಿದ್ದಾರೆ. ಹಳೆಯದನ್ನು ನಾನು ಓಡಿಸಿಲ್ಲ, ಹಾಗಾಗಿ ಹೋಲಿಸುವುದಿಲ್ಲ. ಇದರಲ್ಲಿ ಉಬ್ಬು ದಾಟುವಾಗ ಒದೆತ ಬರಲಿಲ್ಲ. ಕಿತ್ತುಹೋದ ರಸ್ತೆಯಲ್ಲಿ ಸಣ್ಣ ಸಣ್ಣ ಗುಂಡಿ ಸಾಲಾಗಿ ಬಂದಾಗ ಮಾತ್ರ ಸೊಂಟಕ್ಕೆ ಸುದ್ದಿ ಮುಟ್ಟಿತು. ಕಾಲಿಡುವ ಪೆಗ್ ಮೇಲೆ ಭಾರ ಹಾಕಿ ಸೀಟಿನಿಂದ ಒಂದು ಬೆರಳಿನಷ್ಟು ಎದ್ದರೆ ಅದೂ ಇಲ್ಲ.

ಬ್ರೇಕಿನ ಪರೀಕ್ಷೆಗೆ ಜಾಸ್ತಿ ಸಮಯ ಕೊಟ್ಟೆ. ಹಿಂದೆ ಯಾರೂ ಇಲ್ಲ ಅಂತ ಕನ್ನಡಿಯಲ್ಲಿ ನೋಡಿಕೊಂಡು, ಒಣಗಿದ ನೇರ ರಸ್ತೆಯಲ್ಲಿ ಮೊದಲು 30ರಿಂದ, ಆಮೇಲೆ 40ರಿಂದ ನಿಲ್ಲಿಸಿದೆ. ಮುಂದೆ 300 ಮಿಲಿಮೀಟರ್ ಡಿಸ್ಕ್, ಹಿಂದೆ 270. ನಿಲ್ಲಿಸುವ ಬಲದ ದೊಡ್ಡ ಪಾಲು ಮುಂದಿನ ಬ್ರೇಕಿನದ್ದೇ. ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ಬೀಳುತ್ತದೆ, ಮುಂಚಕ್ರ ನೆಲಕ್ಕೆ ಒತ್ತಿಕೊಳ್ಳುತ್ತದೆ, ಹಿಂಚಕ್ರ ಹಗುರವಾಗುತ್ತದೆ. ಆದರೆ ಆ ಭಾರ ಮುಂದೆ ಬರಲು ಒಂದು ಗಳಿಗೆ ಬೇಕು. ಅದಕ್ಕೇ ಲಿವರ್‌ನ ಮೊದಲ ಭಾಗ ಮೆತ್ತಗೆ, ಆಮೇಲೆ ಬಿಗಿಯಾಗಿ. ಹಂಟರ್‌ನ ಲಿವರ್ ಮುಟ್ಟಿದ ಕೂಡಲೇ ಕಚ್ಚುವುದಿಲ್ಲ, ಒತ್ತಿದಷ್ಟು ಕೊಡುತ್ತದೆ. ಅನುಭವ ಇದ್ದವರಿಗೆ ಇದು ಸ್ವಲ್ಪ ಸಪ್ಪೆ ಅನ್ನಿಸಬಹುದು. ನನಗೆ ಹಾಯೆನಿಸಿತು.

ಒಮ್ಮೆ ಹಿಂದಿನ ಬ್ರೇಕನ್ನು ಜೋರಾಗಿ ತುಳಿದೆ. ಪೆಡಲ್ ಕಾಲಿನ ಕೆಳಗೆ ಟಕಟಕ ಅಂತ ಬಡಿಯಿತು. ಅದು ಎಬಿಎಸ್ ಕೆಲಸ ಮಾಡುವ ಸದ್ದು. ಚಕ್ರ ಸಿಕ್ಕಿಹಾಕಿಕೊಳ್ಳುವ ಮೊದಲೇ ಒತ್ತಡ ಬಿಟ್ಟು ಮತ್ತೆ ಹಿಡಿಯುತ್ತದೆ. ಮೊದಲ ಸಲ ಕೇಳುವವರು ಏನೋ ಮುರಿಯಿತು ಅಂತ ಕಾಲು ತೆಗೆದುಬಿಡುತ್ತಾರೆ. ತೆಗೆಯಬಾರದು. ನಿಜವಾದ ಆಪತ್ತಿನಲ್ಲಿ ಮೊದಲ ಸಲ ಕೇಳುವ ಬದಲು ಟೆಸ್ಟ್ ರೈಡ್‌ನಲ್ಲೇ ಕೇಳಿಬಿಡುವುದು ವಾಸಿ. ಅಂಗಡಿಯವರು ಬೇಸ್ ಮಾದರಿ ತೋರಿಸಿದರೆ ಇದನ್ನು ವಿಚಾರಿಸಿ. ಎರಡೂ ಚಕ್ರಕ್ಕೆ ಎಬಿಎಸ್ ಇದೆಯಾ, ಮುಂದಿನದಕ್ಕೆ ಮಾತ್ರವಾ? ಹಿಂದೆ ಡಿಸ್ಕಾ, ಡ್ರಮ್ಮಾ? 2022ರಲ್ಲಿ ಬಂದ ಕಡಿಮೆ ಬೆಲೆಯ ಹಂಟರ್‌ನಲ್ಲಿ ಹಿಂದೆ ಡ್ರಮ್, ಎಬಿಎಸ್ ಒಂದೇ ಚಕ್ರಕ್ಕೆ. ನನ್ನ ಮಟ್ಟಿಗೆ ಬಣ್ಣ, ಚಕ್ರದ ವಿನ್ಯಾಸ ಎಲ್ಲ ಆಮೇಲೆ. ಎರಡೂ ಕಡೆ ಎಬಿಎಸ್ ಇಲ್ಲದಿದ್ದರೆ ಮಾತೇ ಇಲ್ಲ.

40ರಿಂದ ನಿಲ್ಲಿಸಿದ್ದು ಯಾಕೆ, 60ರಿಂದ ಯಾಕಲ್ಲ ಅಂತ ಹುಡುಗ ಕೇಳಿದ. ಲೆಕ್ಕ ಸರಳ. ವೇಗ ಒಂದೂವರೆ ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ಎರಡೂಕಾಲು ಪಟ್ಟಾಗುತ್ತದೆ. 40ರಲ್ಲಿ ಸೆಕೆಂಡಿಗೆ 11 ಮೀಟರ್ ಸಾಗುತ್ತೇವೆ, ಸಾಧಾರಣ ಬಿಗಿಯಾಗಿ ಬ್ರೇಕ್ ಹಿಡಿದರೆ ಸುಮಾರು 10 ಮೀಟರ್‌ನಲ್ಲಿ ನಿಲ್ಲಬಹುದು. ಅದೇ ಬಿಗಿಯಲ್ಲಿ 60ರಿಂದ ನಿಲ್ಲಲು 23 ಮೀಟರ್. ಅದರ ಮೇಲೆ, ಕಂಡದ್ದು ತಲೆಗೆ ಹೋಗಿ ಕೈ ಅಲ್ಲಾಡಲು ಒಂದು ಸೆಕೆಂಡ್ ಹಿಡಿದರೆ ಇನ್ನೂ 17 ಮೀಟರ್. ಇಷ್ಟು ಜಾಗ ನನಗೆ ಅಲ್ಲಿ ಇರಲಿಲ್ಲ. ಬೇರೆಯವರ ಗಾಡಿಯಲ್ಲಿ, ಗೊತ್ತಿಲ್ಲದ ಟೈರ್ ಮೇಲೆ ಅದನ್ನೆಲ್ಲ ಮಾಡುವುದೂ ಇಲ್ಲ.

ವಾಪಸ್ ಬಂದ ಮೇಲೆ ಗೆಳತಿಯನ್ನು ಹಿಂದೆ ಕೂರಿಸಿಕೊಂಡು ಅದೇ ಖಾಲಿ ಜಾಗದಲ್ಲಿ ಒಂದು ಸುತ್ತು ಹಾಕಿದೆ. ರೂಪಕ್ಕೆ ಕೊಟ್ಟ ಬೆಲೆ ಇಲ್ಲಿ ತಿಳಿಯುತ್ತದೆ. ಹಿಂಭಾಗ ಗಿಡ್ಡ ಮಾಡಿದರೆ ಹಿಂದೆ ಕೂರುವವರ ಜಾಗವೂ ಗಿಡ್ಡವಾಗಲೇಬೇಕು, ಅಲ್ವಾ? ಅವಳು ‘ಅರ್ಧ ಗಂಟೆಗೆ ಓಕೆ, ದೂರಕ್ಕೆ ನಾನು ಬರಲ್ಲ’ ಅಂದಳು. ಇಬ್ಬರ ಭಾರಕ್ಕೆ ಇಂಜಿನ್ ಬಗ್ಗಲಿಲ್ಲ. ನಿಲ್ಲಿಸಿ ಕಾಲು ಊರುವಾಗ ಮಾತ್ರ ಎರಡು ಪಟ್ಟು ಎಚ್ಚರ ಬೇಕಾಯಿತು. ಹಿಂದೆ ಕೂತವರು ಸ್ವಲ್ಪ ಪಕ್ಕಕ್ಕೆ ವಾಲಿದರೂ ಅದು ನನ್ನ ತೊಡೆಗೆ ಬರುತ್ತದೆ. ಒಂದೆರಡು ತಿಂಗಳು ಒಬ್ಬಳೇ ಓಡಿಸಿದ ಮೇಲೆಯೇ ಹಿಂದೆ ಯಾರನ್ನಾದರೂ ಕೂರಿಸುವುದು ಅಂತ ಅಲ್ಲೇ ತೀರ್ಮಾನಿಸಿದೆ.

ತೂಕದ ವಿಷಯ ಮಾತ್ರ ತಲೆಯಿಂದ ಹೋಗಲಿಲ್ಲ. ಹಾಗಾಗಿ ಬೇರೆಡೆ ಹೋಗಿ ಇನ್ನೆರಡು ಗಾಡಿ ತಳ್ಳಿ ನೋಡಿದೆ, ಕೂತು ನೋಡಿದೆ. ಟಿವಿಎಸ್ ರೋನಿನ್ 225 ಸಿಸಿ, ಸುಮಾರು 160 ಕೆಜಿ, ಸೀಟ್ 795 ಮಿಲಿಮೀಟರ್. ಕವಾಸಾಕಿ ಡಬ್ಲ್ಯು 175 ಇನ್ನೂ ಹಗುರ, 135 ಕೆಜಿ, ಸೀಟ್ ಹಂಟರ್‌ನಷ್ಟೇ ಎತ್ತರ. ಡಬ್ಲ್ಯುವನ್ನು ಒಂದು ಕೈಯಲ್ಲಿ ನೆಟ್ಟಗೆ ಮಾಡಬಹುದು, ಸ್ಕೂಟರ್ ತಳ್ಳಿದ ಹಾಗೆ ತಳ್ಳಬಹುದು. ಬಡಕಲು ಮೈಯವರು, ಜಾಗ ಇಕ್ಕಟ್ಟಾಗಿರುವವರು, ದಿನಕ್ಕೆ ಹತ್ತು ಸಲ ಗಾಡಿ ತೆಗೆದು ಇಡುವವರು ಅದನ್ನು ನೋಡಲೇಬೇಕು ಅನ್ನುತ್ತೇನೆ. ಹೊಸಬರ ಗಾಡಿ ಅಂತ ಒಂದೇ ಒಂದು ಇರುವುದಿಲ್ಲ. ಕೆಲವರಿಗೆ ತೂಕ ಕಷ್ಟ, ಕೆಲವರಿಗೆ ಎತ್ತರ, ಕೆಲವರಿಗೆ ಕ್ಲಚ್. ನನಗೆ ಕಷ್ಟ ಇದ್ದದ್ದು ಕ್ಲಚ್ ಮತ್ತು ನಿಧಾನದ ತಿರುವು. ಅವೆರಡರಲ್ಲಿ ಹಂಟರ್ ನನ್ನನ್ನು ಕಾಡಲಿಲ್ಲ. ತೂಕ ಕಾಡುವುದು ಇಂಜಿನ್ ಆಫ್ ಆಗಿರುವಾಗ ಮಾತ್ರ. ಚಕ್ರ ಉರುಳತೊಡಗಿದರೆ ಅದು ಎಲ್ಲಿ ಹೋಯಿತು ಅಂತ ಹುಡುಕಬೇಕು.

ಹಂಟರ್‌ಗೇ ಬುಕ್ ಮಾಡಿದ್ದೇನೆ. ಬರುವವರೆಗೆ ಗೆಳತಿಯ 125ರಲ್ಲಿ ದಿನಾ ಬೆಳಿಗ್ಗೆ ಬಲಕ್ಕೆ ತಿರುಗುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ಡೆಲಿವರಿ ದಿನ ಏನೇನು ನೋಡಬೇಕು ಅಂತ ಬರೆದಿಟ್ಟುಕೊಂಡಿದ್ದೇನೆ: ಟೈರ್ ಗಾಳಿ, ಕ್ಲಚ್ ಲಿವರ್‌ನ ಸಡಿಲ, ಚೈನಿನ ಬಿಗಿ. ಬೆಲ್ಟ್ ಇದ್ದ ಸ್ಕೂಟರ್‌ನಲ್ಲಿ ಚೈನ್ ಅನ್ನುವ ಚಿಂತೆಯೇ ಇರಲಿಲ್ಲ. ಇಲ್ಲಿ ಸುಮಾರು 500 ಕಿಲೋಮೀಟರ್‌ಗೊಮ್ಮೆ ಒರೆಸಿ ಎಣ್ಣೆ ಹಾಕುವ ಕೆಲಸ ಇದೆ. ಸ್ಕೂಟರ್ ಮಾರುತ್ತೀರಾ ಅಂತ ಆ ಹುಡುಗ ಫೋನ್ ಮಾಡಿ ಕೇಳಿದ. ಇಲ್ಲ ಅಂದೆ. ಹಂಟರ್ ಎಷ್ಟೇ ಚೆಂದ ಇರಲಿ, ಅದರಲ್ಲಿ ಒಂದು ಚೀಲ ನೇತುಹಾಕಲು ಕೊಕ್ಕೆಯೂ ಇಲ್ಲ.